ವೆಬ್‌ಸೈಟಿಗೊಂದು ಮಾಳ

ಗದ್ದೆಗೆ ಹಂದಿ ಬೀಳುತ್ತದೆ ಅಂತ ನಮ್ಮ ಕಡೆ ಮಾಳ ಕಟ್ಟಿ ರಾತ್ರಿ ಕಾಯುತ್ತಿದ್ದರು. ಹಂದಿ ಬರುವುದು ಯಾವುದೋ ಒಂದು ರಾತ್ರಿ. ಕಾಯಬೇಕಾದದ್ದು ಮಾತ್ರ ಎಲ್ಲಾ ರಾತ್ರಿ. ಸರ್ಕಾರಿ ವೆಬ್‌ಸೈಟುಗಳ ಕತೆಯೂ ಈಗ ಹೀಗೇ ಆಗಿದೆ. ನಮಗೆ ಬೇಕಾದ ಸುದ್ದಿ ಅಲ್ಲಿ ಬರುವುದು ವರ್ಷಕ್ಕೆ ಒಂದೋ ಎರಡೋ ಸಲ. ಯಾವತ್ತು ಅಂತ ಗೊತ್ತಿಲ್ಲದ್ದಕ್ಕೆ ದಿನಾ ನೋಡಬೇಕು. ದಿನಾ ಯಾರು ನೋಡುತ್ತಾರೆ?

ಆನಂದಪುರದಲ್ಲಿ ಕೂತು ನಾನು ಆ ಕೆಲಸವನ್ನು ಒಂದು ಸಾಫ್ಟ್‌ವೇರ್‌ಗೆ ವಹಿಸಿದ್ದೇನೆ. ಅದು ಮಾಡುವುದು ಸರಳ ಕೆಲಸ. ನಾವು ಹೇಳಿದ ವೆಬ್ ಪುಟಕ್ಕೆ ಹೋಗಿ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಕೆಲವು ಗಂಟೆ ಬಿಟ್ಟು ಮತ್ತೆ ಹೋಗುತ್ತದೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ಏನಾದರೂ ಬದಲಾಗಿದ್ದರೆ ಫೋನಿಗೆ ಒಂದು ಸಂದೇಶ ಹಾಕುತ್ತದೆ. ಹೋದ ಸಾಲು ಕೆಂಪು, ಬಂದ ಸಾಲು ಹಸಿರು. ಡಿಸ್ಟಿಲ್, ವಿಷುವಲ್‌ಪಿಂಗ್, ಚೇಂಜ್‌ಡಿಟೆಕ್ಷನ್ ಅಂತೆಲ್ಲ ಇವಕ್ಕೆ ಹೆಸರು. ಮೊದಲ ಎರಡರಲ್ಲಿ ಕೆಲವೇ ಪುಟಗಳನ್ನು ಪುಕ್ಕಟೆ ಕಾಯಬಹುದು, ಹೆಚ್ಚು ಬೇಕಾದರೆ ದುಡ್ಡು. ಮೂರನೆಯದು ಮುಕ್ತ ತಂತ್ರಾಂಶ. ನಮ್ಮದೇ ಹಳೇ ಕಂಪ್ಯೂಟರ್‌ನಲ್ಲಿ ಹಾಕಿಕೊಂಡರೆ ಖರ್ಚಿಲ್ಲ.

ನನಗೆ ಇದರ ಅಗತ್ಯ ಕಂಡದ್ದು ಪಕ್ಕದ ಮನೆಯ ಹುಡುಗಿಯ ವಿಷಯದಲ್ಲಿ. ಡಿಪ್ಲೊಮಾ ಮುಗಿಸಿ ಒಂದು ಹುದ್ದೆಗೆ ಅರ್ಜಿ ಹಾಕಿದ್ದಳು. ದಾಖಲಾತಿ ಪರಿಶೀಲನೆಯ ದಿನಾಂಕ ಆ ಕಚೇರಿಯ ವೆಬ್‌ಸೈಟಿನಲ್ಲಿತ್ತು. ಬರೆದುಕೊಂಡಳು. ಆಮೇಲೆ ಅದೇ ಪುಟದಲ್ಲಿ ದಿನಾಂಕ ಮೂರು ದಿನ ಮುಂಚಿತವಾಯಿತು. ಎಸ್ಸೆಮ್ಮೆಸ್ ಇಲ್ಲ, ಕಾಗದ ಇಲ್ಲ. ಬರೆದುಕೊಂಡ ದಿನಕ್ಕೆ ಬೆಳಗಿನ ಬಸ್ಸಿಗೆ ಹೋದರೆ, ಎಲ್ಲಾ ಮುಗಿದಿದೆ ಅಂದರಂತೆ. "ವೆಬ್‌ಸೈಟಲ್ಲಿ ಹಾಕಿದ್ವಲ್ಲಮ್ಮ" ಅನ್ನುವುದು ಉತ್ತರ. ಹಳೇ ದಿನಾಂಕ ಇತ್ತು ಅನ್ನುವುದಕ್ಕೆ ಅವಳ ಕೈಯಲ್ಲಿ ನೋಟ್‌ಬುಕ್ಕಿನ ಒಂದು ಸಾಲು ಬಿಟ್ಟು ಏನೂ ಇರಲಿಲ್ಲ.

ಅವಳ ಅಮ್ಮ ಕೇಳಿದ ಮಾತು ಇನ್ನೂ ನೆನಪಿದೆ. "ದಿನಾ ಅದನ್ನೇ ನೋಡ್ತಾ ಕೂತ್ರೆ ಕೊಟ್ಟಿಗೆ ಕೆಲಸ ಯಾರು ಮಾಡೋದು ಮಾರಾಯ?"

ಈ ಪ್ರಶ್ನೆ ಒಂದು ಕೆಲಸದ ಅರ್ಜಿಗಷ್ಟೇ ಸೇರಿದ್ದಲ್ಲ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಭೂಮಿಗೆ, ಕಾಡಿಗೆ, ನೀರಿಗೆ ಸಂಬಂಧಪಟ್ಟ ದೊಡ್ಡ ತೀರ್ಮಾನಗಳೂ ಮೊದಲು ಕಾಣಿಸಿಕೊಳ್ಳುವುದು ಯಾವುದೋ ವೆಬ್ ಪುಟದಲ್ಲಿ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನೇ ನೋಡಿ. ಮೊದಲ ಕರಡು ಬಂದದ್ದು 2014ರ ಮಾರ್ಚ್‌ನಲ್ಲಿ. ಆರನೆಯದು 2024ರ ಜುಲೈ 31ರಂದು, ವಯನಾಡಿನಲ್ಲಿ ಗುಡ್ಡ ಕುಸಿದ ಮಾರನೇ ದಿನ. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರೊಳಗಿದೆ. ಆಕ್ಷೇಪಣೆಗೆ ಕೊಟ್ಟ ಅವಧಿ 60 ದಿನ. ಕೇಂದ್ರದ ರಾಜಪತ್ರ ಇರುವುದು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ. ಅದನ್ನು ಯಾರಾದರೂ ನೋಡಿ, ಓದಿ, ನಮ್ಮೂರು ಪಟ್ಟಿಯಲ್ಲಿದೆಯೋ ಇಲ್ಲವೋ ಹುಡುಕಿ, ಪರವೋ ವಿರೋಧವೋ ನಾಲ್ಕು ಸಾಲು ಬರೆದು ಕಳಿಸುವುದೆಲ್ಲ ಆ 60 ದಿನದೊಳಗೆ ಆಗಬೇಕು. ಸುದ್ದಿ ನಮಗೆ ಮುಟ್ಟುವಾಗಲೇ 40 ದಿನ ಕಳೆದಿದ್ದರೆ ಉಳಿಯುವುದು 20.

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯದ್ದೂ ಇದೇ ದಾರಿ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಯೋಜನೆ. 2025ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ತಾಲ್ಲೂಕಿನ ಕಾರ್ಗಲ್‌ನಲ್ಲಿ ಅಹವಾಲು ಸಭೆ ನಡೆಯಿತು. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಇಂಥ ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಪ್ರಕಟಣೆ ಬಂದ ದಿನವೇ ಗೊತ್ತಾದವನಿಗೆ ಓದಲು ಒಂದು ತಿಂಗಳು. ವಾಟ್ಸಾಪ್‌ನಲ್ಲಿ ಸುತ್ತಿ ಬಂದ ಮೇಲೆ ಗೊತ್ತಾದವನಿಗೆ ಎರಡೇ ದಿನ.

ಹಾಗಾದರೆ ಈ ಸಾಫ್ಟ್‌ವೇರ್ ಮೊದಲೇ ಇರಲಿಲ್ಲವಾ? ಇತ್ತು. ಬಳಸಲಿಕ್ಕೇ ಆಗುತ್ತಿರಲಿಲ್ಲ, ಅಷ್ಟೇ. ಪುಟದಲ್ಲಿ ಏನು ಅಲುಗಿದರೂ ಕೂಗುತ್ತಿತ್ತು. ನಮ್ಮ ಸರ್ಕಾರಿ ತಾಣಗಳ ಅಡಿಯಲ್ಲಿ "ಸಂದರ್ಶಕರ ಸಂಖ್ಯೆ" ಅಂತ ಒಂದು ಇರುತ್ತದಲ್ಲ, ಅದು ಒಂದು ಏರಿದರೂ ಸಂದೇಶ. ಮೇಲೆ ಓಡುವ ಪಟ್ಟಿ ಬದಲಾದರೂ ಸಂದೇಶ. ದಿನಕ್ಕೆ ಇಪ್ಪತ್ತು ಸಲ ಸುಳ್ಳೇ ಕೂಗುವ ಕಾವಲುಗಾರನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಹೊಸ ಸೌಲಭ್ಯಗಳು ಗುಣ ಮಾಡಿರುವುದು ಮುಖ್ಯವಾಗಿ ಈ ಕಾಯಿಲೆಯನ್ನು. ಈಗ ಪುಟದ ಚಿತ್ರ ತೋರಿಸುತ್ತದೆ, ಅದರಲ್ಲಿ ನಮಗೆ ಬೇಕಾದ ಭಾಗವನ್ನಷ್ಟೇ ಬೆರಳಲ್ಲಿ ಆರಿಸಬಹುದು. "ಪ್ರಕಟಣೆಗಳು" ಅನ್ನುವ ಚೌಕ ಸಾಕು, ಉಳಿದದ್ದು ಬೇಡ. ಅದರ ಮೇಲೆ ಷರತ್ತೂ ಹಾಕಬಹುದು. "ಸಾಗರ" ಅಥವಾ "ಶಿವಮೊಗ್ಗ" ಅನ್ನುವ ಪದ ಹೊಸದಾಗಿ ಬಂದರೆ ಮಾತ್ರ ಹೇಳು. ಅಂಕಿಗೂ ಷರತ್ತು ಉಂಟು. ಸಾಗರ ಮಾರುಕಟ್ಟೆಯಲ್ಲಿ ರಾಶಿ ಅಡಿಕೆ ಕ್ವಿಂಟಲ್‌ಗೆ ನಾನು ಹೇಳಿದ ದರ ದಾಟಿದರೆ ಮಾತ್ರ ಕೂಗು, ಚಾಲಿ ದರ ನನಗೆ ಬೇಡ, ಅಂತ ಹೇಳಿಡಬಹುದು.

ಇನ್ನೊಂದು ಸೌಲಭ್ಯ ನಮ್ಮಂಥವರಿಗೆ ತುಂಬ ಉಪಯೋಗ. ಎಷ್ಟೋ ಸರ್ಕಾರಿ ಪುಟಗಳಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿ ಗುಂಡಿ ಒತ್ತಿದ ಮೇಲೇ ಮಾಹಿತಿ ಕಾಣುವುದು. ಹಳೇ ಸಾಫ್ಟ್‌ವೇರ್ ಆ ಬಾಗಿಲಲ್ಲೇ ನಿಂತುಬಿಡುತ್ತಿತ್ತು. ಈಗ ಒಂದೊಂದೇ ಹೆಜ್ಜೆ ಹೇಳಿಕೊಡಬಹುದು. ಶಿವಮೊಗ್ಗ ಆರಿಸು, ಸಾಗರ ಆರಿಸು, ಆನಂದಪುರ ಹೋಬಳಿ ಆರಿಸು, ಗುಂಡಿ ಒತ್ತು, ಆಮೇಲೆ ನೋಡು. ಒಮ್ಮೆ ಕಲಿಸಿದರೆ ಪ್ರತಿ ಸಲವೂ ಹಾಗೇ ಮಾಡುತ್ತದೆ. ಪಿಡಿಎಫ್ ಕಡತದೊಳಗಿನ ಅಕ್ಷರಗಳನ್ನೂ ಈಗ ಓದುತ್ತದೆ. ಕಚೇರಿ ಸಮಯದಲ್ಲಿ ಮಾತ್ರ ನೋಡು, ಭಾನುವಾರ ಬೇಡ ಅನ್ನಬಹುದು. ಸಂದೇಶವನ್ನು ಇಮೇಲ್‌ಗೂ ಟೆಲಿಗ್ರಾಂಗೂ ಕಳಿಸುತ್ತದೆ. ಟೆಲಿಗ್ರಾಂಗೆ ಬಂದದ್ದನ್ನು ನಾನು ಊರಿನ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ.

ಈಚೆಗೆ ಬಂದದ್ದು ಕೃತಕ ಬುದ್ಧಿಮತ್ತೆಯ ಸಾರಾಂಶ. ಏನು ಬದಲಾಯಿತು ಅನ್ನುವುದನ್ನು ಎರಡು ಸಾಲಿನಲ್ಲಿ ಬರೆದು ಕೊಡುತ್ತದೆ. ಇಂಗ್ಲಿಷ್ ಓದಲು ಕಷ್ಟಪಡುವವರಿಗೆ ಅನುಕೂಲವೇ. ಆದರೆ ದಿನಾಂಕ, ಸರ್ವೆ ನಂಬರ್, ಶುಲ್ಕ ಇವನ್ನು ಸಾರಾಂಶ ನಂಬಿ ಊರಿಗೆ ಹೇಳಬೇಡಿ. ಮೂಲ ಪುಟ ತೆರೆದು ಕಣ್ಣಾರೆ ನೋಡಿ. "ಅವಧಿ ವಿಸ್ತರಿಸಿದೆ" ಅನ್ನುವುದಕ್ಕೂ "ವಿಸ್ತರಿಸಿಲ್ಲ" ಅನ್ನುವುದಕ್ಕೂ ಒಂದೇ ಅಕ್ಷರ ವ್ಯತ್ಯಾಸ.

ಕನ್ನಡದಲ್ಲಿ ಕಾಯುವಾಗ ಬೇರೆಯದೇ ತೊಡಕುಗಳಿವೆ. ಇದನ್ನು ಇಂಗ್ಲಿಷ್ ಕೈಪಿಡಿಗಳು ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಷ್ಟೋ ಕಚೇರಿಗಳ ಕನ್ನಡ ಪಿಡಿಎಫ್‌ಗಳು ಯೂನಿಕೋಡ್‌ನಲ್ಲಿಲ್ಲ, ಹಳೇ ನುಡಿ ಅಕ್ಷರಗಳಲ್ಲಿವೆ. ನಮ್ಮ ಕಣ್ಣಿಗೆ "ಆನಂದಪುರ" ಅಂತ ಚೆನ್ನಾಗಿಯೇ ಕಾಣುತ್ತದೆ. ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಹಾಗಾಗಿ ಊರ ಹೆಸರಿನ ಷರತ್ತು ಹಾಕಿದರೆ ಅದು ಎಂದೂ ಕೂಗುವುದಿಲ್ಲ. ಕಾಗದಕ್ಕೆ ಸಹಿ ಹಾಕಿ, ಮೊಹರು ಒತ್ತಿ, ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್ ಆದರೆ ಅದು ಬರೀ ಚಿತ್ರ, ಅದರಲ್ಲಿ ಓದಲು ಅಕ್ಷರವೇ ಇಲ್ಲ. ಇಂಥ ತಾಣಗಳಲ್ಲಿ ಪದದ ಷರತ್ತು ಬಿಟ್ಟು, "ಪಟ್ಟಿಗೆ ಹೊಸ ಕಡತ ಸೇರಿದರೆ ಹೇಳು" ಅಂತಷ್ಟೇ ಇಡುವುದು ಒಳ್ಳೆಯದು. ಸ್ವಲ್ಪ ಹೆಚ್ಚು ಸಂದೇಶ ಬರುತ್ತವೆ, ತಪ್ಪಿಹೋಗುವುದಿಲ್ಲ.

ಊರ ಹೆಸರೂ ಒಂದೇ ಥರ ಇರುವುದಿಲ್ಲ. ನಮ್ಮ ಊರು ಕಂದಾಯದ ಕಾಗದದಲ್ಲಿ ಆನಂದಪುರ, ರೈಲ್ವೆ ನಿಲ್ದಾಣದ ಹೆಸರು ಆನಂದಪುರಂ. ಸಾಗರವನ್ನು ಇಂಗ್ಲಿಷ್‌ನಲ್ಲಿ ಕೊನೆಗೆ "ಎ" ಹಾಕಿಯೂ ಬರೆಯುತ್ತಾರೆ, ಹಾಕದೆಯೂ ಬರೆಯುತ್ತಾರೆ. ತೀರ್ಥಹಳ್ಳಿಗೂ ಇಂಗ್ಲಿಷ್‌ನಲ್ಲಿ ಒಂದಕ್ಕಿಂತ ಹೆಚ್ಚು ರೂಪ. ಎಲ್ಲಾ ರೂಪಗಳನ್ನೂ ಷರತ್ತಿನಲ್ಲಿ ಬರೆದಿಡಿ.

ಕ್ಯಾಪ್ಚಾ ಕೇಳುವ ಪುಟವನ್ನು ಯಂತ್ರ ದಾಟಲಾರದು. ಕೆಲವು ಸರ್ಕಾರಿ ತಾಣಗಳು ಹೊರದೇಶದ ಸರ್ವರ್‌ಗಳಿಗೆ ತೆರೆದುಕೊಳ್ಳುವುದೇ ಇಲ್ಲ. ವಿದೇಶಿ ಕಂಪನಿಯ ಸೇವೆ ಬಳಸಿದರೆ ಅಲ್ಲಿ ಕೆಲಸ ಕೆಡುತ್ತದೆ. ಮನೆಯ ಕಂಪ್ಯೂಟರ್‌ನಲ್ಲಿ ಇಟ್ಟರೆ ಆ ತೊಂದರೆ ಇಲ್ಲ. ಆದರೆ ಆಷಾಢದ ಮಳೆಗೆ ಕರೆಂಟು ಹೋಗಿ ಎರಡು ದಿನ ಬಾರದಿದ್ದರೆ ಕಾವಲುಗಾರನೇ ಮಲಗಿಬಿಟ್ಟ ಹಾಗೆ. "ಪುಟ ತೆರೆಯಲಾಗದಿದ್ದರೂ ತಿಳಿಸು" ಅನ್ನುವ ಆಯ್ಕೆಯನ್ನೂ ಹಾಕಿಡಬೇಕು. ಸಂದೇಶ ಬಂದಿಲ್ಲ ಅಂದರೆ ಏನೂ ಬದಲಾಗಿಲ್ಲ ಅಂತ ಅರ್ಥವಲ್ಲ. ವಾರಕ್ಕೊಮ್ಮೆ ನಾವೇ ಹೋಗಿ ನೋಡುವುದು ಕ್ಷೇಮ.

ಇನ್ನೆರಡು ಎಚ್ಚರಿಕೆ. ಆಧಾರ್, ಓಟಿಪಿ, ಪಾಸ್‌ವರ್ಡ್ ಕೇಳುವ ಪುಟಗಳನ್ನು ಇಂಥ ಸೇವೆಗೆ ಕೊಡಬೇಡಿ. ಎಲ್ಲರಿಗೂ ತೆರೆದಿರುವ ಪುಟ ಮಾತ್ರ ಸಾಕು. ನಿಮಿಷಕ್ಕೊಮ್ಮೆ ನೋಡು ಅಂತಲೂ ಇಡಬೇಡಿ. ಸಣ್ಣ ಕಚೇರಿಯ ತಾಣ ಆ ಭಾರ ತಡೆಯುವುದಿಲ್ಲ. ಆರು ಗಂಟೆಗೊಮ್ಮೆ ನೋಡಿದರೆ ನಮ್ಮ ಕೆಲಸ ಆಗುತ್ತದೆ.

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿರುವುದು ಎಚ್ಚರಿಸುವ ಸೌಲಭ್ಯವಲ್ಲ, ನೆನಪಿಡುವ ಸೌಲಭ್ಯ. ಪುಟ ಯಾವ ದಿನ, ಎಷ್ಟು ಹೊತ್ತಿಗೆ ಹೇಗಿತ್ತು ಅನ್ನುವ ಹಳೇ ಪ್ರತಿಗಳೆಲ್ಲ ಅದರಲ್ಲಿ ಉಳಿಯುತ್ತವೆ. ಅಮೆರಿಕದಲ್ಲಿ 2016ರ ಚುನಾವಣೆಯ ನಂತರ ಸಂಶೋಧಕರು, ಸ್ವಯಂಸೇವಕರು ಸೇರಿ ಎಡ್ಜಿ ಅನ್ನುವ ಗುಂಪು ಕಟ್ಟಿದರು. ಸರ್ಕಾರದ ಸಾವಿರಾರು ಪರಿಸರ ಪುಟಗಳನ್ನು ಹೀಗೇ ಕಾಯ್ದರು. ಯಾವ ಪುಟಗಳಿಂದ "ಹವಾಮಾನ ಬದಲಾವಣೆ" ಅನ್ನುವ ಮಾತು ಸದ್ದಿಲ್ಲದೆ ಹೋಯಿತು ಅನ್ನುವುದನ್ನು ಹಳೇ ಪ್ರತಿ, ಹೊಸ ಪ್ರತಿ ಎರಡನ್ನೂ ಇಟ್ಟು ತೋರಿಸಿದರು. ನಮ್ಮ ಪಕ್ಕದ ಮನೆಯ ಹುಡುಗಿಗೆ ಬೇಕಾಗಿದ್ದದ್ದೂ ಅದೇ, ಹಳೇ ದಿನಾಂಕ ಕಾಣುವ ಒಂದು ಪ್ರತಿ.

ಮುಖ್ಯ ಪ್ರಕಟಣೆಗಳನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲೂ ಉಳಿಸಿಡಿ. ವಿಳಾಸ ಅಂಟಿಸಿ ಗುಂಡಿ ಒತ್ತಿದರೆ ಆಯಿತು, ಫೋನಿನಲ್ಲೇ ಆಗುತ್ತದೆ, ದುಡ್ಡಿಲ್ಲ. ನಮ್ಮ ಕಂಪ್ಯೂಟರ್‌ನ ಪ್ರತಿಯನ್ನು "ನೀವೇ ತಿದ್ದಿದ್ದು" ಅನ್ನಬಹುದು, ಮೂರನೆಯವರ ಹತ್ತಿರ ಇರುವ ಪ್ರತಿಗೆ ಹಾಗೆನ್ನುವುದು ಕಷ್ಟ. ವಿಷಯ ಕೋರ್ಟಿಗೇ ಹೋದರೆ ಬರೀ ಸ್ಕ್ರೀನ್‌ಶಾಟ್ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರಂತೆ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕಾಗುತ್ತದೆ. ಅದನ್ನು ವಕೀಲರ ಹತ್ತಿರ ಕೇಳಿ ಮಾಡಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಸ್ಪಷ್ಟ ಮಾಡಬೇಕು. ನಾವು ಕಾಯುವುದನ್ನು ಕಲಿತೆವು ಅಂತ ತಿಳಿಸಬೇಕಾದವರ ಹೊಣೆ ಇಳಿಯುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4 ಓದಿ. ಜನ ಅರ್ಜಿ ಹಾಕಿ ಕೇಳುವ ಮೊದಲೇ ಕಚೇರಿಗಳು ತಾವಾಗಿ ಮಾಹಿತಿ ಕೊಡಬೇಕು ಅನ್ನುತ್ತದೆ. ಅದನ್ನು ಹರಡುವುದು ಅಂದರೆ ಏನು ಅಂತಲೂ ವಿವರಿಸುತ್ತದೆ: ಸೂಚನಾ ಫಲಕ, ಪತ್ರಿಕೆ, ಸಾರ್ವಜನಿಕ ಘೋಷಣೆ, ಮಾಧ್ಯಮ ಪ್ರಸಾರ, ಇಂಟರ್‌ನೆಟ್. ಆ ಪಟ್ಟಿಯಲ್ಲಿ ಇಂಟರ್‌ನೆಟ್ ಒಂದೇ ಇಲ್ಲ. ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಅಂತಲೂ ಇದೆ. 2020ರಲ್ಲಿ ಪರಿಸರ ಪರಿಣಾಮದ ಹೊಸ ಕರಡು ಬಂದಾಗ ದೆಹಲಿ ಹೈಕೋರ್ಟ್ ಅದನ್ನು ಸಂವಿಧಾನದ 8ನೇ ಪರಿಚ್ಛೇದದ ಭಾಷೆಗಳಿಗೆ ಅನುವಾದಿಸಲು ಹೇಳಿ, ಆಕ್ಷೇಪಣೆಯ ಅವಧಿಯನ್ನು ಆಗಸ್ಟ್ 11ರವರೆಗೆ ಮುಂದೂಡಿತ್ತು. "ವೆಬ್‌ಸೈಟಲ್ಲಿ ಹಾಕಿದ್ದೇವೆ" ಅನ್ನುವುದು ಪೂರ್ತಿ ಉತ್ತರವಲ್ಲ ಅನ್ನುವುದಕ್ಕೆ ಇಷ್ಟು ಆಧಾರ ಸಾಕು. ಯಾವ ದಿನ ಹಾಕಿದರು, ಯಾವ ದಿನ ಬದಲಿಸಿದರು ಅನ್ನುವ ದಾಖಲೆ ಕೈಯಲ್ಲಿದ್ದರೆ ಈ ಮಾತನ್ನು ಗಟ್ಟಿಯಾಗಿ ಹೇಳಬಹುದು.

ಎಲ್ಲರೂ ಇದನ್ನು ಕಲಿಯಬೇಕಾಗಿಲ್ಲ. ಒಂದು ಪಂಚಾಯಿತಿಗೆ ಒಬ್ಬರು ಸಾಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವು ಕಡೆ ಕಂಪ್ಯೂಟರ್ ಇದೆ. ಅಲ್ಲಿ ಒಂದು ಪಟ್ಟಿ ಮಾಡಿ. ಬೆಳೆ ವಿಮೆಯ ಸಂರಕ್ಷಣೆ ತಾಣ, ಮಾರುಕಟ್ಟೆ ದರ, ನೇಮಕಾತಿ ಪ್ರಕಟಣೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅಹವಾಲು ಸಭೆಗಳು, ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದ ಪುಟ. ಹತ್ತು ಪುಟ ಸಾಕು, ಶುರುಮಾಡಲು. ಸಂದೇಶ ಬಂದ ದಿನ ಅದನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಲಿನ ಡೈರಿಯ ಗೋಡೆಗೆ ಅಂಟಿಸಿ. ಫೋನ್ ಇಲ್ಲದವರೂ ಬೆಳಗ್ಗೆ ಅಲ್ಲಿಗೆ ಬಂದೇ ಬರುತ್ತಾರೆ.