ಕೋಳಿ ತಿಂದವರು ಯಾರು?

ಒಬ್ಬ ಮನುಷ್ಯನ ಗುಣ ತಿಳಿಯಬೇಕಾದರೆ ಅವನ ಜೊತೆ ಪ್ರಯಾಣ ಮಾಡು, ಇಲ್ಲವೇ ಹಣದ ವ್ಯವಹಾರ ಮಾಡು ಎನ್ನುತ್ತಾರೆ. ಅಷ್ಟೆಲ್ಲ ಖರ್ಚು ಬೇಡ ಎಂಬುದು ನನ್ನ ವಾದ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈಗೊಂದು ಕಂಟ್ರೋಲರ್ ಕೊಟ್ಟು, ಇಬ್ಬರೂ ಸೇರಿ ರಾಕ್ಷಸರನ್ನು ಬಡಿಯುತ್ತಾ ಹೋಗುವ ವಿಡಿಯೊ ಗೇಮ್ ಒಂದನ್ನು ಹಾಕಿ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಒಂದು ಕೋಳಿ ಕಾಲು ಕಾಣಿಸಿಕೊಳ್ಳುತ್ತದೆ. ನಿಮ್ಮ ಪ್ರಾಣ ಗುಲಗಂಜಿಯಷ್ಟು ಉಳಿದಿದೆ. ಅವನದು ಮುಕ್ಕಾಲು ಪಾಲು ತುಂಬಿದೆ. ಈಗ ಅವನು ಏನು ಮಾಡುತ್ತಾನೋ ನೋಡಿ. ಜಾತಕ ಗೀತಕ ಆಮೇಲೆ.

ಈ ಆಟಗಳಲ್ಲಿ ಕಥೆ ಎನ್ನುವುದು ನೆಪಕ್ಕೆ. ಪಾಳುಬಿದ್ದ ಕೋಟೆ, ಕೆಳಗೆ ನೆಲಮಾಳಿಗೆ, ಅದರ ಕೆಳಗೆ ಇನ್ನೊಂದು ಸುರಂಗ, ಕೊನೆಯಲ್ಲಿ ಒಬ್ಬ ದೊಡ್ಡ ಮಾಂತ್ರಿಕನೋ ಬೆಂಕಿ ಉಗುಳುವ ಡ್ರ್ಯಾಗನ್ನೋ. ಕತ್ತಿ, ಕೊಡಲಿ, ಮಂತ್ರದಂಡ ಹಿಡಿದು ಎದುರಾದವರನ್ನೆಲ್ಲ ಚಚ್ಚುತ್ತಾ ಮುಂದೆ ಹೋಗುವುದು ನಮ್ಮ ಕೆಲಸ. ಪೆಟ್ಟಿಗೆ ಒಡೆದರೆ ಚಿನ್ನ, ಪೀಪಾಯಿ ಒಡೆದರೆ ಊಟ. ಆ ಊಟ ಎಂದು ಬೇಯಿಸಿದ್ದು, ಯಾರು ಬೇಯಿಸಿದ್ದು, ಪೀಪಾಯಿಯೊಳಗೆ ಯಾಕಿಟ್ಟರು ಎಂದು ಕೇಳಬಾರದು. ಹಸಿವು ರುಚಿ ಅರಿಯದು.

ಈ ಬಗೆಯ ಆಟಗಳ ಮೂಲಪುರುಷರು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್. 1974ರಲ್ಲಿ ಅವರು ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ಗೆ ಬೇಕಿದ್ದದ್ದು ಮೇಜು, ಕಾಗದ, ಪೆನ್ಸಿಲ್ಲು, ದಾಳಗಳು ಮತ್ತು ಮನೆಗೆ ಹೋಗುವ ಅವಸರವಿಲ್ಲದ ನಾಲ್ಕು ಜನ. ಗುಹೆಯಲ್ಲಿ ನಿಧಿ ಸಿಕ್ಕಿತೆನ್ನಿ, ಯಾರಿಗೆಷ್ಟು ಎಂದು ಕುಳಿತು ಚರ್ಚೆ ಮಾಡಬಹುದಿತ್ತು. ನಾಣ್ಯ ನುಂಗುವ ಯಂತ್ರದೊಳಕ್ಕೆ ಈ ಗುಹೆ ಬಂದಾಗ ಮೊದಲು ಹೋದದ್ದು ಆ ಪುರುಸೊತ್ತು. ಇಲ್ಲಿ ಪಂಚಾಯಿತಿಗೆ ಸಮಯವಿಲ್ಲ. ಯಾರು ಮೊದಲು ಮುಟ್ಟಿದರೋ ಅವರದು.

1985ರಲ್ಲಿ ಅಟಾರಿಯ ಎಡ್ ಲಾಗ್ ರೂಪಿಸಿದ ‘ಗಾಂಟ್ಲೆಟ್’ ನೋಡಿ. ಒಂದೇ ಯಂತ್ರಕ್ಕೆ ನಾಲ್ಕು ಜಾಯ್‌ಸ್ಟಿಕ್. ಯೋಧ ಕೆಂಪು, ವೀರವನಿತೆ ವಾಲ್ಕಿರಿ ನೀಲಿ, ಮಂತ್ರವಾದಿ ಹಳದಿ, ಬಿಲ್ಲುಗಾರ ಎಲ್ಫ್ ಹಸಿರು. ಇದರಲ್ಲಿ ಕೈಕೈ ಮಿಲಾಯಿಸುವುದಕ್ಕಿಂತ ದೂರದಿಂದ ಎಸೆಯುವುದು ಹೆಚ್ಚು. ಆದರೆ ಹಂಚಿಕೊಂಡು ತಿನ್ನುವ ಫಜೀತಿ ಇದರಲ್ಲೂ ಧಾರಾಳ. ಇಲ್ಲಿ ಶತ್ರು ಹೊಡೆಯಬೇಕೆಂದೇನೂ ಇಲ್ಲ, ಸುಮ್ಮನೆ ನಿಂತರೂ ಪ್ರಾಣ ಸೋರುತ್ತಾ ಹೋಗುತ್ತದೆ. ಅಂಕಿ ಕಣ್ಣೆದುರೇ ಇಳಿಯುತ್ತದೆ. ತುಂಬಿಸಿಕೊಳ್ಳಲು ಎರಡೇ ದಾರಿ: ಗುಹೆಯಲ್ಲಿ ಊಟ ಹುಡುಕು, ಇಲ್ಲವೇ ಜೇಬಿನಲ್ಲಿ ನಾಣ್ಯ ಹುಡುಕು. ಗಡಿಬಿಡಿಯಲ್ಲಿ ಗುರಿ ತಪ್ಪಿ ಊಟಕ್ಕೇ ಬಾಣ ಹೊಡೆದರೆ ಊಟ ಮಾಯ. ಅಷ್ಟಕ್ಕೇ ಸುಮ್ಮನಾಗದೆ, ಎಲ್ಫ್ ಊಟಕ್ಕೆ ಹೊಡೆದ ಎಂದು ಯಂತ್ರವೇ ಗಟ್ಟಿ ದನಿಯಲ್ಲಿ ಸಾರುತ್ತದೆ. ಅಂಗಡಿ ತುಂಬ ಕೇಳಿಸುವ ಹಾಗೆ! ಮನೆಯಲ್ಲಿ ಹಾಲು ಉಕ್ಕಿಸಿದವರಿಗೂ ಇಷ್ಟು ಮರ್ಯಾದೆ ಸಿಗುವುದಿಲ್ಲ.

ಮರುವರ್ಷ ಬಂದ ಎರಡನೆಯ ಗಾಂಟ್ಲೆಟ್ ಇನ್ನೂ ತುಂಟ. ಅದರಲ್ಲೊಂದು ಮುಟ್ಟಾಟ ಸೇರಿಸಿದರು. ನಿಮಗೆ ‘ಔಟು’ ತಗುಲಿಕೊಂಡರೆ ಗುಹೆಯ ಭೂತಪ್ರೇತಗಳೆಲ್ಲ ಮಿಕ್ಕವರನ್ನು ಬಿಟ್ಟು ನಿಮ್ಮ ಬೆನ್ನು ಹತ್ತುತ್ತವೆ. ಪಾರಾಗಲು ಉಪಾಯ ಸುಲಭ: ಓಡಿಹೋಗಿ ನಿಮ್ಮ ಗೆಳೆಯನನ್ನು ಮುಟ್ಟುವುದು! ಅಲ್ಲಿಯವರೆಗೆ ಹೆಗಲಿಗೆ ಹೆಗಲು ಕೊಟ್ಟವರು ಆ ಕ್ಷಣದಿಂದ ಒಬ್ಬರನ್ನೊಬ್ಬರು ಕಂಡರೆ ಓಟ ಕೀಳುತ್ತಾರೆ.

ಹೀಗೆ ಗೆಳೆಯರಲ್ಲೇ ಜಗಳ ಹಚ್ಚುವುದರಲ್ಲಿ ಜಪಾನಿನವರು ಇನ್ನೂ ಪಳಗಿದವರು. 1987ರ ‘ಡಬಲ್ ಡ್ರ್ಯಾಗನ್’ನಲ್ಲಿ ಅಣ್ಣತಮ್ಮಂದಿರಿಬ್ಬರು ಒಟ್ಟಾಗಿ ಊರಿನ ಪುಂಡರನ್ನೆಲ್ಲ ಬಡಿದು, ಕೊನೆಗೆ ಹುಡುಗಿಗಾಗಿ ತಾವಿಬ್ಬರೇ ಬಡಿದಾಡಬೇಕು. 1989ರಲ್ಲಿ ಸೆಗಾ ಕಂಪನಿಗಾಗಿ ಮಕೊಟೊ ಉಚಿದಾ ಮಾಡಿದ ‘ಗೋಲ್ಡನ್ ಆಕ್ಸ್’ನಲ್ಲಿ ಜೊತೆಗಾರನಿಗೂ ನಿಮ್ಮ ಕತ್ತಿ ತಾಗುತ್ತದೆ. ಅದರಲ್ಲಿ ರಾತ್ರಿ ಬಿಡಾರದ ಬೆಂಕಿಯ ಪಕ್ಕ ವೀರರು ಮಲಗಿರುವಾಗ ಜೋಳಿಗೆ ಹೊತ್ತ ಕುಳ್ಳ ಕಳ್ಳರು ಬರುತ್ತಾರೆ. ನೀಲಿಯವನನ್ನು ಒದ್ದರೆ ಮಂತ್ರದ ಮದ್ದು ಉದುರುತ್ತದೆ, ಹಸಿರಿನವನನ್ನು ಒದ್ದರೆ ಮಾಂಸ. ಒದೆಯುವ ಭರದಲ್ಲಿ ಪಕ್ಕದವನಿಗೂ ಒಂದು ಬೀಳುತ್ತದೆ. ಬೇಕೆಂದೇ ಹೊಡೆದೆ ಎಂದು ಅವನು, ಕಳ್ಳ ಅಡ್ಡ ಬಂದ ಎಂದು ಇವನು. ಅಷ್ಟು ಹೊತ್ತಿಗೆ ಕಳ್ಳ ಪರಾರಿ. ಮುಂದೆ ಅಮೆರಿಕದಿಂದ ಬಂದ 2008ರ ‘ಕ್ಯಾಸಲ್ ಕ್ರ್ಯಾಷರ್ಸ್’ ಈ ಪದ್ಧತಿಯನ್ನೇ ಹಾಸ್ಯ ಮಾಡಿತು: ನಾಲ್ವರು ವೀರರು ಸೇರಿ ರಾಜಕುಮಾರಿಯನ್ನು ಬಿಡಿಸಿದ ಮರುಗಳಿಗೆಯೇ ಅವಳ ಮುತ್ತಿಗಾಗಿ ತಮ್ಮತಮ್ಮಲ್ಲೇ ಕಾದಾಟಕ್ಕೆ ಬೀಳುತ್ತಾರೆ.

ನಮ್ಮೂರುಗಳ ವಿಡಿಯೊ ಗೇಮ್ ಅಂಗಡಿಗಳಲ್ಲಿ ಈ ವಿದ್ಯೆ ಕಲಿಸಿದವನು ಮುಸ್ತಫಾ. ಕ್ಯಾಪ್‌ಕಾಂನ 1993ರ ಆ ಆಟದ ನಿಜವಾದ ಹೆಸರು ‘ಕ್ಯಾಡಿಲ್ಯಾಕ್ಸ್ ಅಂಡ್ ಡೈನೋಸಾರ್ಸ್’, ಮೂಲ ಮಾರ್ಕ್ ಶುಲ್ಟ್ಸ್ ಅವರ ಕಾಮಿಕ್ಸ್. ಅದೆಲ್ಲ ಯಾರಿಗೆ ಬೇಕಿತ್ತು? ಅದರಲ್ಲಿದ್ದ ನಾಲ್ವರ ಪೈಕಿ ಹಳದಿ ಟೋಪಿಯ ಮುಸ್ತಫಾ ಕೈರೊ ಹುಡುಗರ ಮನಸ್ಸು ಗೆದ್ದು, ಇಡೀ ಆಟಕ್ಕೇ ಅವನ ಹೆಸರು ಬಿತ್ತು. ಅಲ್ಲಿ ಮಂತ್ರವಾದಿಗಳಿಲ್ಲ, ಡೈನೋಸಾರುಗಳಿವೆ. ಊಟದ ರಗಳೆ ಮಾತ್ರ ಅದೇ. ‘ಲೇ, ಅದು ನಂಗೆ ಬಿಡೋ, ಲೈಫ್ ಹೋಗ್ತಿದೆ’ ಎಂದು ಒಬ್ಬ ಬೇಡುವುದು. ‘ಕಾಣಲಿಲ್ಲ ಮಗಾ’ ಎಂದು ಇನ್ನೊಬ್ಬ ತಿಂದು ಮುಗಿಸುವುದು. ಕಾಸಿಲ್ಲದೆ ಹಿಂದೆ ನಿಂತವನು ಇಬ್ಬರಿಗೂ ನ್ಯಾಯ ಹೇಳುವುದು.

ಕಾಣಲಿಲ್ಲ ಎಂಬುದಂತೂ ಶುದ್ಧ ಸುಳ್ಳು. ಈ ಆಟಗಳ ಜಾಣತನವಿರುವುದೇ ಅಲ್ಲಿ: ಎಲ್ಲರ ಪ್ರಾಣದ ಪಟ್ಟಿಯೂ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವನಿಗೆ ಎಷ್ಟು ಹಸಿವಾಗಿದೆ ಎಂದು ನಮಗೆ ತಿಳಿಯುವುದಿಲ್ಲ, ಹಾಗಾಗಿ ಎರಡನೆಯ ಹೋಳಿಗೆಯನ್ನು ನೆಮ್ಮದಿಯಾಗಿ ಹಾಕಿಸಿಕೊಳ್ಳುತ್ತೇವೆ. ಇಲ್ಲಿ ಆ ನೆಮ್ಮದಿ ಇಲ್ಲ. ತುಂಬಿದ ಪಟ್ಟಿಯವನು ಕೋಳಿ ತಿಂದರೆ ಅದಕ್ಕೆ ಇಡೀ ಅಂಗಡಿ ಸಾಕ್ಷಿ.

ಕ್ಯಾಪ್‌ಕಾಂನಲ್ಲಿ ‘ಟವರ್ ಆಫ್ ಡೂಮ್’ ಎಂಬ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಕೆಲಸ ಮಾಡಿದ್ದ ಜಾರ್ಜ್ ಕಮಿತಾನಿ ಮುಂದೆ ತಮ್ಮದೇ ವೆನಿಲಾವೇರ್ ಕಂಪನಿಯಿಂದ 2013ರಲ್ಲಿ ‘ಡ್ರ್ಯಾಗನ್ಸ್ ಕ್ರೌನ್’ ತಂದರು. ಅದರ ಮಾಟಗಾತಿಯ ಮೈಮಾಟ ಅತಿಯಾಯಿತೆಂದು ದೊಡ್ಡ ಗದ್ದಲವಾಯಿತು. ಗದ್ದಲಕ್ಕೆ ಕಾರಣವೂ ಇತ್ತು. ನನಗೆ ಹಿಡಿಸಿದ್ದು ಅವಳ ಇನ್ನೊಂದು ವಿದ್ಯೆ: ಮಂತ್ರ ಹಾಕಿ ಊಟ ಸೃಷ್ಟಿಸುತ್ತಾಳೆ. ಊರಿಗೆ ಮರಳದೆ ಗುಹೆಯಿಂದ ಗುಹೆಗೆ ಹೊರಟರೆ ನಡುವೆ ಬಿಡಾರ ಹೂಡಿ ಅಡುಗೆ ಮಾಡಬಹುದು. ಕಾವಲಿ ಇದೆ, ಪಾತ್ರೆ ಇದೆ, ಮಾಂಸ ತರಕಾರಿ ಮಸಾಲೆ ಇವೆ, ಬೆಂಕಿಯ ಸುತ್ತ ನಾಲ್ವರು ಕುಳಿತಿದ್ದಾರೆ. ಇರುವ ಸಮಯದಲ್ಲೇ ಬೇಯಿಸಿ ತಿನ್ನಬೇಕು. ತಿಂದವರಿಗೆ ಮುಂದಿನ ಗುಹೆಗೆ ಬಲ. ಆಗಷ್ಟೇ ರಾಕ್ಷಸನ ತಲೆ ಹಾರಿಸಿ ಬಂದ ಯೋಧ ಇಲ್ಲಿ ಮಾಂಸ ಬೆಂದಿದೆಯೋ ಇಲ್ಲವೋ ಎಂದು ಕಾವಲಿ ಮುಂದೆ ಒದ್ದಾಡುವುದನ್ನು ನೋಡಬೇಕು. ಇದೇ ಆಟದಲ್ಲಿ ಗುಹೆಯಲ್ಲಿ ಸಿಕ್ಕ ಸತ್ತ ಸಾಹಸಿಗಳ ಮೂಳೆಗಳನ್ನು ದೇಗುಲಕ್ಕೆ ತಂದು ದುಡ್ಡು ಕೊಟ್ಟರೆ ಅವರು ಬದುಕಿ ಜೊತೆಗೆ ಬರುತ್ತಾರೆ. ಗೆಳೆಯರಿಲ್ಲದವನಿಗೂ ಒಂದು ದಾರಿ!

ಈಗಿನವರು ಈ ತಂಟೆಯೇ ಬೇಡವೆಂದು ಕೈತೊಳೆದುಕೊಂಡಿದ್ದಾರೆ. 2012ರ ‘ಡಯಾಬ್ಲೊ 3’ರಲ್ಲಿ ರಾಕ್ಷಸ ಸತ್ತರೆ ಬೀಳುವ ನಿಧಿ ಪ್ರತಿಯೊಬ್ಬರಿಗೂ ಬೇರೆಬೇರೆ, ನಿಮ್ಮದು ಅವನಿಗೆ ಕಾಣದು, ಅವನದು ನಿಮಗೆ ಕಾಣದು. ಜಗಳ ನಿಂತಿತು, ಒಪ್ಪಿದೆ. ಅದರೊಂದಿಗೆ ‘ನೀನೇ ತಗೋ, ನನಗೆ ಪರವಾಗಿಲ್ಲ’ ಅನ್ನುವ ಮಾತೂ ನಿಂತಿತು. ಹಳೆಯ ಯಂತ್ರದವರೇನು ಧರ್ಮರಾಯರಲ್ಲ. ನಾಲ್ಕು ಜನಕ್ಕೆ ಒಂದೇ ಕೋಳಿ ಇಟ್ಟದ್ದು ನಾಣ್ಯ ಹೆಚ್ಚು ಬೀಳಲಿ ಎಂಬ ಲೆಕ್ಕಾಚಾರದಿಂದ. ಆದರೂ ಆ ಜಿಪುಣತನದ ದೆಸೆಯಿಂದಲೇ, ಮನೆಯಲ್ಲಿ ತಮ್ಮನಿಗೆ ಅರ್ಧ ಚಕ್ಕುಲಿ ಕೊಡದ ಎಷ್ಟೋ ಹುಡುಗರು ಅಂಗಡಿಯಲ್ಲಿ ನಿಂತು, ಹತ್ತು ಜನರ ಎದುರು, ಕೈಗೆ ಸಿಕ್ಕಿದ್ದನ್ನು ಪಕ್ಕದವನಿಗೆ ಬಿಟ್ಟುಕೊಟ್ಟರು.