ತೋಳಿನ ಮೇಲಿನ ಹೆಸರು

ಭದ್ರಾವತಿಯ ಹಳೆನಗರದಲ್ಲಿರುವ ವೃದ್ಧೆಯೊಬ್ಬರ ಎಡಮುಂಗೈಯ ಮೇಲೆ ಹಸಿರು ಬಣ್ಣದ ನಾಲ್ಕು ಅಕ್ಷರಗಳಿವೆ. ಅದು ಅವರ ಪತಿಯ ಹೆಸರು. 1923ರಲ್ಲಿ ಕೆಲಸ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಆತ ಬಹುಕಾಲ ದುಡಿದವರು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದೆಂಬುದು ಆ ತಲೆಮಾರಿನ ಕಟ್ಟಳೆ. ಪಡಿತರ ಚೀಟಿಗಾಗಿ ಗುಮಾಸ್ತರು ಯಜಮಾನರ ಹೆಸರನ್ನು ಕೇಳಿದಾಗ ಆಕೆ ನಾಚಿ, ಸೆರಗು ಸರಿಸಿ, ಕೈಯನ್ನು ಮುಂದೆ ಚಾಚಿದರು. ಗುಮಾಸ್ತರು ಅದನ್ನು ನೋಡಿ ಹಾಗೆಯೇ ಬರೆದುಕೊಂಡರು.

ಈ ಹಚ್ಚೆಯನ್ನು ಹಾಕಿದವಳು ಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದ ಕೊರವಂಜಿ. ಕಣಿ ಹೇಳುವುದರೊಡನೆ ಹಚ್ಚೆ ಹಾಕುವುದೂ ಕೊರವಂಜಿಯರ ಕಸುಬು. ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಒಟ್ಟಿಗೆ ಕಟ್ಟಿದ ಮೂರು ನಾಲ್ಕು ಸೂಜಿಗಳನ್ನು ಅದರಲ್ಲಿ ಅದ್ದಿ ಚುಚ್ಚುವರು. ನೋವು ಮರೆಯಲೆಂದು ಹಾಡು ಹೇಳುವರು. ಕೊನೆಗೆ ಅರಿಶಿನ, ಎಣ್ಣೆ ಸವರುವರು. ತಾವರೆ, ಚೇಳು, ರಂಗವಲ್ಲಿಯ ಚುಕ್ಕಿಗಳು ಎಲ್ಲವೂ ಅವರಿಗೆ ಕೈವಶ. ಅಕ್ಷರ ಮಾತ್ರ ಯಾರಾದರೂ ಬರೆದುಕೊಡಬೇಕು. ಚಿನ್ನದ ಒಡವೆಯನ್ನು ಸತ್ತ ದಿನ ಮಕ್ಕಳು ಬಿಚ್ಚಿಕೊಳ್ಳುವರು, ಹಚ್ಚೆಯೊಂದೇ ಸಂಗಡ ಬರುವ ಒಡವೆ ಎಂಬ ನಂಬಿಕೆಯಿಂದ ಬಡವರ ಹೆಣ್ಣುಮಕ್ಕಳು ಆ ನೋವನ್ನು ಸಹಿಸುತ್ತಿದ್ದರು.

ಹೊರಚರ್ಮ ದಿನದಿನವೂ ಉದುರಿ ಹೊಸದಾಗುತ್ತದೆ; ಮಸಿ ನಿಲ್ಲುವುದು ಅದರ ಕೆಳಗಿನ ಒಳಚರ್ಮದಲ್ಲಿ. ದೇಹದ ರಕ್ಷಕ ಜೀವಕೋಶಗಳು ಅದನ್ನು ನುಂಗಿ ಹಿಡಿದಿಡುತ್ತವೆ. ಒಂದು ಸತ್ತರೆ ಮತ್ತೊಂದು ಆ ಮಸಿಯನ್ನು ಎತ್ತಿಕೊಳ್ಳುತ್ತದೆಂದು ಇಲಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿತು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ, ಐದು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯನ ಮೈಯಲ್ಲಿ 61 ಹಚ್ಚೆಯ ಗುರುತುಗಳು ಇನ್ನೂ ಉಳಿದಿದ್ದವು.

ಪತಿ ತೀರಿಕೊಂಡ ಮೇಲೆ ಪಿಂಚಣಿಯ ಕಾಗದಗಳನ್ನು ಜೋಡಿಸುವಾಗ ಮೊಮ್ಮಗಳಿಗೆ ತೊಡಕೊಂದು ಕಂಡಿತು. ಕಾರ್ಖಾನೆಯ ದಾಖಲೆಯಲ್ಲಿದ್ದ ಹೆಸರಿಗೂ ಪಡಿತರ ಚೀಟಿಯ ಹೆಸರಿಗೂ ಹೊಂದಿಕೆಯಿರಲಿಲ್ಲ. ಚೀಟಿಯಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಅಜ್ಜಿಯ ಕೈಯನ್ನು ಹಿಡಿದು ನೋಡಿದರೆ ಅಲ್ಲಿಯೂ ಅದು ಇರಲಿಲ್ಲ.

ಕಚೇರಿಗೆ ನಾಲ್ಕು ಬಾರಿ ಅಲೆದು ಹುಡುಗಿ ಚೀಟಿಯನ್ನು ತಿದ್ದಿಸಿದಳು. ಆಮೇಲೆ ಒಂದು ಸಂಜೆ ಅಜ್ಜಿಯ ಬಳಿ ಕುಳಿತು, “ಶಿವಮೊಗ್ಗದ ಪೇಟೆಯಲ್ಲಿ ಈಗ ಯಂತ್ರದಿಂದ ಹಚ್ಚೆ ಹಾಕುತ್ತಾರೆ, ಅಜ್ಜಿ. ಒಬ್ಬೊಬ್ಬರಿಗೂ ಹೊಸ ಸೂಜಿ. ಆ ಒತ್ತಕ್ಷರವನ್ನೂ ಸೇರಿಸಿಬಿಡೋಣ” ಎಂದಳು.

ಅಜ್ಜಿ ಬಹಳ ಹೊತ್ತು ತಮ್ಮ ಕೈಯನ್ನೇ ನೋಡಿದರು.

“ನಿಮ್ಮ ತಾತ ಓದು ಬಲ್ಲವರು. ಒಂದು ದಿನವೂ ತಪ್ಪು ಅನ್ನಲಿಲ್ಲ” ಎಂದು ಸೆರಗನ್ನು ಮುಂಗೈಯ ಮೇಲೆ ಎಳೆದುಕೊಂಡರು.