ಗೋಸುಂಬೆ ಸುಮ್ಮನೆ ಕೂತಾಗ

ಮುದ್ದೇಬಿಹಾಳದಿಂದ ತಂಗಡಗಿಯ ಕಡೆಗೆ, ಅಂದರೆ ಕೃಷ್ಣೆಯ ಕಡೆಗೆ ಹೋಗುವಾಗ ದಾರಿಯ ಎರಡೂ ಬದಿಗೆ ಎರಿಹೊಲಗಳು. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ನಡುನಡುವೆ ಕುಸುಬಿಯ ಸಾಲು. ಹೊಲದ ಒಡ್ಡಿನ ಮೇಲೆ ಜಾಲಿ, ಬಾರಿಕಂಟಿ, ಅಲ್ಲೊಂದು ಇಲ್ಲೊಂದು ಬನ್ನಿಗಿಡ. ತಂಗಡಗಿಗೆ ಹೋಗುವವರೆಲ್ಲ ನೀಲಾಂಬಿಕೆಯ ಗುಡಿಗೆಂದು ಹೋಗುತ್ತಾರೆ. ನಾನೂ ಹೋಗುತ್ತೇನೆ, ಆದರೆ ದಾರಿಯಲ್ಲಿ ಆ ಒಡ್ಡುಗಳ ಹತ್ತಿರ ನಿಲ್ಲದೆ ಮುಂದೆ ಹೋಗುವುದು ನನ್ನಿಂದ ಆಗುವುದಿಲ್ಲ. ಅಲ್ಲಿ ಗೋಸುಂಬೆಗಳಿವೆ. ಅವನ್ನು ನೋಡುತ್ತ ನಿಲ್ಲುವುದರಷ್ಟು ಸುಖ ನನಗೆ ಬೇರೆ ಯಾವ ಹವ್ಯಾಸದಲ್ಲೂ ಸಿಕ್ಕಿಲ್ಲ.

ಮಲೆನಾಡಿನವರಿಗೆ ಹಾರುವ ಓತಿ ಇದೆ. ತೇಜಸ್ವಿಯವರ ‘ಕರ್ವಾಲೋ’ ಅದನ್ನು ಕನ್ನಡದ ಮನೆಮನೆಗೆ ಮುಟ್ಟಿಸಿತು. ನಮ್ಮ ಬಯಲುಸೀಮೆಯ ಪಾಲಿಗೆ ಬಂದದ್ದು ಹಾರದ, ಓಡದ, ಅವಸರವೇ ಗೊತ್ತಿಲ್ಲದ ಈ ಪ್ರಾಣಿ. ಜಗತ್ತಿನಲ್ಲಿ ಗೋಸುಂಬೆಯ ಜಾತಿಗಳು ಸುಮಾರು 200 ಇವೆ. ಹೆಚ್ಚಿನವು ಮಡಗಾಸ್ಕರ್ ಮತ್ತು ಆಫ್ರಿಕದವು. ಭಾರತಕ್ಕೆ ದಕ್ಕಿದ್ದು ಒಂದೇ ಒಂದು, ಕಮೀಲಿಯೊ ಝೈಲಾನಿಕಸ್. 1768ರಲ್ಲಿ ನಿಸರ್ಗವಿಜ್ಞಾನಿ ಲಾರೆಂಟಿ ಅದಕ್ಕೆ ಈ ಹೆಸರು ಕೊಟ್ಟ. ಆ ಒಂದೇ ಜಾತಿ ನಮ್ಮ ಜಾಲಿಗಿಡದಲ್ಲಿ ಕೂತಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ಮೊದಲು ಅದರ ನಡಿಗೆ ನೋಡಬೇಕು. ಒಂದು ಕಾಲು ಎತ್ತುತ್ತದೆ, ಮುಂದಿಡುವುದೋ ಬೇಡವೋ ಎಂಬಂತೆ ಹಿಂದೆ ಮುಂದೆ ತೂಗುತ್ತದೆ, ಆಮೇಲೆ ಇಡುತ್ತದೆ. ಗಾಳಿಗೆ ಅಲ್ಲಾಡುವ ಎಲೆಗಳ ನಡುವೆ ಆ ತೂಗಾಟ ಕಣ್ಣಿಗೆ ಬೀಳುವುದೇ ಇಲ್ಲ. ಪಾದದ ಐದು ಬೆರಳು ಎರಡು ಕಟ್ಟಾಗಿ ಕೂಡಿಕೊಂಡಿವೆ: ಮುಂಗಾಲಿನಲ್ಲಿ ಒಳಗೆ ಮೂರು, ಹೊರಗೆ ಎರಡು, ಹಿಂಗಾಲಿನಲ್ಲಿ ಇದೇ ತಿರುಗುಮುರುಗು. ಟೊಂಗೆಯನ್ನು ಹಿಡಿದರೆ ಇಕ್ಕಳ ಹಾಕಿದಂತೆ ಹಿಡಿತ. ಮೇಲಿಂದ ಬಾಲವೂ ಸುತ್ತಿಕೊಂಡಿರುತ್ತದೆ. ಹಲ್ಲಿಯ ಬಾಲದ ಹಾಗೆ ಅದು ಕಳಚಿ ಬೀಳುವುದಿಲ್ಲ, ಕಡಿದರೆ ಮತ್ತೆ ಬೆಳೆಯುವುದೂ ಇಲ್ಲ.

ಕಣ್ಣುಗಳದು ಬೇರೆಯೇ ಲೋಕ. ಒಂದು ನನ್ನನ್ನು ನೋಡುತ್ತಿದ್ದರೆ ಇನ್ನೊಂದು ಆಕಾಶದ ಹದ್ದನ್ನು ನೋಡುತ್ತಿರುತ್ತದೆ. ಮಿಡತೆಯೊಂದು ಹತ್ತಿರ ಕೂತಿತೋ, ಎರಡೂ ಕಣ್ಣು ಒಮ್ಮೆಲೇ ಅದರತ್ತ ತಿರುಗುತ್ತವೆ. ನಮ್ಮ ಕಣ್ಣಿನ ಮಸೂರ ಬೆಳಕನ್ನು ಒಟ್ಟುಗೂಡಿಸಿದರೆ ಗೋಸುಂಬೆಯದು ಚದುರಿಸುತ್ತದೆ. ಹೀಗಾಗಿ ಅದರ ಕಣ್ಣೊಳಗೆ ಮೂಡುವ ಬಿಂಬ ದೊಡ್ಡದು, ದೂರದ ಅಳತೆ ಕರಾರುವಾಕ್ಕು. ಅಳತೆ ಸಿಕ್ಕಿತೆಂದರೆ ನಾಲಿಗೆ ಹೊರಟೇಬಿಡುತ್ತದೆ. ಬಾಲ ಬಿಟ್ಟರೆ ಉಳಿದ ಮೈಗಿಂತ ಉದ್ದ ಚಾಚುವ ಆ ನಾಲಿಗೆಯ ತುದಿಯ ಲೋಳೆ ಮನುಷ್ಯರ ಜೊಲ್ಲಿಗಿಂತ ಸುಮಾರು 400 ಪಟ್ಟು ಗಟ್ಟಿ ಎಂದು 2016ರಲ್ಲಿ ವಿಜ್ಞಾನಿಗಳು ಅಳೆದರು. ನಾಲಿಗೆ ಹೋದದ್ದು ಕಾಣುವುದಿಲ್ಲ. ಮಿಡತೆ ಇದ್ದ ಜಾಗ ಖಾಲಿಯಾದದ್ದಷ್ಟೇ ಕಾಣುತ್ತದೆ.

ಇಷ್ಟೆಲ್ಲ ಇದ್ದರೂ ದಿನದ ಬಹುಪಾಲು ಗೋಸುಂಬೆ ಏನೂ ಮಾಡುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಈ ಸುಮ್ಮನಿರುವಿಕೆಯೇ. ಎಷ್ಟೋ ವರ್ಷ ನೋಡಿದ ಮೇಲೆ ನನಗೆ ತಿಳಿದದ್ದು, ಎಲ್ಲ ಸುಮ್ಮನೆಯೂ ಒಂದೇ ಅಲ್ಲ. ಚಳಿಯ ಸುಮ್ಮನೆ ಬೇರೆ, ನಿದ್ದೆಯದು ಬೇರೆ, ಬಸುರಿಯದು ಬೇರೆ, ಬೇನೆಯದು ಬೇರೆ. ಬಿಡಿಸಿ ಓದಲು ಬಂದರೆ ಅದರಷ್ಟು ಮಾತಾಡುವ ಪ್ರಾಣಿ ಇನ್ನೊಂದಿಲ್ಲ.

ಚಳಿಯದು ಸುಲಭ. ಎಳ್ಳಮಾಸಿಯ ಹೊತ್ತಿಗೆ ನಮ್ಮ ಕಡೆ ಮುಂಜಾವಿನ ತಾಪಮಾನ ಒಮ್ಮೊಮ್ಮೆ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಚರಗ ಚೆಲ್ಲಲು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬಂದ ಒಂದು ಮನೆಯ ಹುಡುಗ ಒಮ್ಮೆ ನನ್ನ ಪಕ್ಕ ಬಂದು ನಿಂತ. ಬಾರಿಕಂಟಿಯ ಪೂರ್ವದ ಬದಿಗೆ ಗೋಸುಂಬೆಯೊಂದು ಕಲ್ಲಿನಂತೆ ಕೂತಿತ್ತು.

“ಸತ್ತೈತೇನ್ರೀ ಕಾಕಾ?”

“ಇಲ್ಲೋ ತಮ್ಮಾ, ಬಿಸಲು ಕಾಯಾಕತ್ತೈತಿ. ಬಿಸಲಿನ ಕಡೆ ಮೈ ಹ್ಯಾಂಗ ಕರ್ರಗಾಗೈತಿ ನೋಡು.”

ಹುಡುಗ ಸುತ್ತು ಹಾಕಿ ಆ ಕಡೆಯಿಂದಲೂ ನೋಡಿದ. ನೆರಳಿನ ಬದಿ ತಿಳಿಹಸಿರು, ಬಿಸಿಲಿನ ಬದಿ ಗಾಢ ಕಂದು. ಮೈಯನ್ನು ಎಲೆಯ ಹಾಗೆ ಚಪ್ಪಟೆ ಮಾಡಿ ಸೂರ್ಯನಿಗೆ ಅಡ್ಡ ಹಿಡಿದಿತ್ತು. ಕಪ್ಪು ಬಣ್ಣ ಶಾಖ ಹೀರುತ್ತದೆ. ಅದಕ್ಕೆ ಬೇಕಾದದ್ದು ಶಾಖ, ಸುತ್ತಲಿನ ಬಣ್ಣಕ್ಕೆ ಹೊಂದಿಕೊಳ್ಳುವುದಲ್ಲ. ಗೋಸುಂಬೆ ಕೂತ ಜಾಗದ ಬಣ್ಣ ತಾಳುತ್ತದೆ ಎಂಬುದು ನಮ್ಮಲ್ಲಿ ಬೇರೂರಿದ ತಪ್ಪು ನಂಬಿಕೆ. ಅದು ಬಣ್ಣ ಬದಲಿಸುವುದು ಬಿಸಿಲಿಗೆ, ಸಿಟ್ಟಿಗೆ, ಅಂಜಿಕೆಗೆ, ಜೋಡಿಯನ್ನು ಕರೆಯುವುದಕ್ಕೆ. ಚರ್ಮದ ಜೀವಕೋಶಗಳಲ್ಲಿರುವ ಸೂಕ್ಷ್ಮ ಹರಳುಗಳ ನಡುವಿನ ಅಂತರ ಹಿಗ್ಗಿ ಕುಗ್ಗಿದಂತೆ ಬಣ್ಣ ಬದಲಾಗುತ್ತದೆ ಎಂದು ಜಿನೀವಾ ವಿಶ್ವವಿದ್ಯಾಲಯದವರು ಮಡಗಾಸ್ಕರದ ಒಂದು ಜಾತಿಯಲ್ಲಿ 2015ರಲ್ಲಿ ತೋರಿಸಿಕೊಟ್ಟರು.

ಇನ್ನೊಂದು ಬೆರಗು. ಚಳಿಯಲ್ಲಿ ಹೀಗೆ ಮರಗಟ್ಟಿ ಕೂತ ಗೋಸುಂಬೆಯ ಕಾಲು ಏಳುವುದಿಲ್ಲ, ಆದರೆ ನಾಲಿಗೆ ಏಳುತ್ತದೆ. ಅಮೆರಿಕದ ವಿಜ್ಞಾನಿಗಳಾದ ಆಂಡರ್ಸನ್ ಮತ್ತು ಡೆಬಾನ್ 15, 25, 35 ಡಿಗ್ರಿಗಳಲ್ಲಿ ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ನಾಲಿಗೆಯನ್ನು ಹೊರಕ್ಕೆ ಚಿಮ್ಮಿಸುವುದು ಸ್ನಾಯು ಮೊದಲೇ ಎಳೆದಿಟ್ಟ ಸ್ಥಿತಿಸ್ಥಾಪಕ ಅಂಗಾಂಶ. ತಂಪಾದರೂ ಅದರ ರಭಸ ಹೆಚ್ಚು ತಗ್ಗುವುದಿಲ್ಲ. ಮರಳಿ ಎಳೆದುಕೊಳ್ಳುವ ಕೆಲಸ ಸ್ನಾಯುವಿನದೇ ಆದ್ದರಿಂದ ಅದು ಮಾತ್ರ ನಿಧಾನವಾಗುತ್ತದೆ. ಹೀಗಾಗಿ ಬೇರೆ ಓತಿಗಳು ಬಿಸಿಲೇರುವುದನ್ನು ಕಾಯುವಾಗಲೇ ಇದು ಕೂತಲ್ಲೇ ನಾಷ್ಟಾ ಮುಗಿಸಬಲ್ಲದು. ಇದನ್ನು ಓದಿದ ಮೇಲೆ ಚಳಿಗಾಲದ ಮುಂಜಾವಿಗೆ ನಾನು ಇನ್ನಷ್ಟು ಬೇಗ ಹೊಲಕ್ಕೆ ಹೋಗುತ್ತೇನೆ.

ನಿದ್ದೆಯದು ರಾತ್ರಿಯ ಆಟ. ಹಗಲಲ್ಲಿ ಎಷ್ಟು ಹುಡುಕಿದರೂ ಸಿಗದ ಗೋಸುಂಬೆ ರಾತ್ರಿ ಬ್ಯಾಟರಿ ಹಾಕಿದರೆ ಥಟ್ಟನೆ ಸಿಗುತ್ತದೆ. ನಿದ್ದೆಯಲ್ಲಿ ಮೈ ಬಿಳುಚಿಕೊಂಡಿರುತ್ತದೆ. ಟೊಂಗೆಯ ತುದಿಯಲ್ಲಿ, ಬಾಲ ಸುರುಳಿ ಸುತ್ತಿ, ಕಣ್ಣು ಮುಚ್ಚಿ ಮಲಗಿದ ಆ ಬಿಳಿ ಜೀವವನ್ನು ಬೆಳಕಿನಲ್ಲಿ ಬಹಳ ಹೊತ್ತು ಹಿಡಿಯಬಾರದು. ಕಂಡಿತು, ಖುಷಿಯಾಯಿತು, ಬ್ಯಾಟರಿ ಆರಿಸಿ ಮುಂದೆ ಹೋಗಬೇಕು.

ಇವೆರಡನ್ನೂ ಬಲ್ಲವನಿಗೂ ದಿಗಿಲು ಹುಟ್ಟಿಸುವುದು ಬಸುರಿಯ ಸುಮ್ಮನೆ. ನಮ್ಮೂರ ಹತ್ತಿರದ ಒಂದು ಒಡ್ಡಿನಲ್ಲಿ ಹೆಣ್ಣೊಂದು ಇತ್ತು. ಮುಂಗಾರು ಪೂರ್ತಿ ಅದು ಒಂದೇ ಜಾಲಿಗಿಡದಲ್ಲಿ ಏರಿ ಇಳಿದು, ಮಿಡತೆ ಹಿಡಿದು, ಮಳೆ ನಿಂತ ಮೇಲೆ ಎಲೆಯ ಮೇಲಿನ ಹನಿ ನೆಕ್ಕಿ ಚೆನ್ನಾಗಿ ತಿಂದುಂಡು ಬೆಳೆದಿತ್ತು. ಶೀಗಿಹುಣ್ಣಿಮೆ ಕಳೆದು ಜೋಳದ ಮೊಳಕೆ ಎದ್ದ ದಿನಗಳಲ್ಲಿ ಅದು ಒಮ್ಮೆಲೇ ತಣ್ಣಗಾಯಿತು. ಮಿಡತೆ ಮೂಗಿನ ಮುಂದೆ ಕೂತರೂ ಕಣ್ಣು ತಿರುಗಿಸಲೊಲ್ಲದು. ಗಿಡದ ತುದಿ ಬಿಟ್ಟು ನಡುವಿಗೆ ಬಂತು, ನಡುವಿನಿಂದ ಬುಡಕ್ಕೆ. ಹೊಟ್ಟೆಯ ಎರಡೂ ಬದಿ ಉಬ್ಬಿ ಗಂಟುಗಂಟಾಗಿ ಕಾಣುತ್ತಿತ್ತು. ಆಮೇಲೆ ಒಂದು ಮಧ್ಯಾಹ್ನ ನೆಲಕ್ಕಿಳಿಯಿತು.

ಗೋಸುಂಬೆ ನೆಲಕ್ಕಿಳಿಯುವುದೆಂದರೆ ಪ್ರಾಣವನ್ನು ಪಣಕ್ಕಿಟ್ಟಂತೆ. ಟೊಂಗೆಗಾಗಿ ಹುಟ್ಟಿದ ಆ ಪಾದಗಳು ಬಯಲಲ್ಲಿ ತಡವರಿಸುತ್ತವೆ. ನಾಯಿ, ಹದ್ದು, ಕಾಗೆ, ಟ್ರ್ಯಾಕ್ಟರಿನ ಗಾಲಿ, ಎಲ್ಲಕ್ಕೂ ಅದು ಎದುರಾಗುತ್ತದೆ. ಆದರೂ ಇಳಿಯಲೇಬೇಕು, ತತ್ತಿ ಇಡುವುದು ಮಣ್ಣಿನೊಳಗೆ. ಹೂತಿಟ್ಟರೆ ತತ್ತಿಗೆ ಮಣ್ಣಿನ ತೇವವೂ ಸಿಗುತ್ತದೆ, ಬೇರೆ ಪ್ರಾಣಿಗಳ ಕಣ್ಣೂ ತಪ್ಪುತ್ತದೆ. ಅದು ಒಡ್ಡಿನ ಒಂದು ಮಗ್ಗುಲಲ್ಲಿ ಮುಂಗಾಲಿನಿಂದ ಮಣ್ಣು ಕೆದರಲು ತೊಡಗಿತು. ಮಳೆಯ ಹಸಿ ಆರದ ಎರಿಮಣ್ಣು; ಇನ್ನು ಹದಿನೈದು ದಿನ ಹೋದರೆ ಬಿರುಕು ಬಿಟ್ಟು ಕಲ್ಲಾಗುತ್ತಿತ್ತು. ಹದ ನೋಡಿ ಬಿತ್ತುವ ನಮ್ಮ ರೈತನಷ್ಟೇ ಚೆನ್ನಾಗಿ ಮಣ್ಣಿನ ಹದ ಅದಕ್ಕೂ ಗೊತ್ತು. ತೋಡಿತು, ನಿಂತಿತು, ಮತ್ತೆ ತೋಡಿತು. ಕೊನೆಗೆ ಮೈಯ ಬಹುಪಾಲು ಗುಂಡಿಯೊಳಗೆ ಇಳಿಯಿತು. ನಾನು ದೂರದಲ್ಲಿ ಬೇವಿನ ನೆರಳಿಗೆ ಕೂತೆ. ದನ ಬಂದರೆ ತಿರುಗಿಸುವುದು, ಯಾರಾದರೂ ಬಂದರೆ ಮಾತಿಗೆ ನಿಲ್ಲಿಸುವುದು, ಇಷ್ಟೇ ನಾನು ಮಾಡಬಹುದಾದ ಸೇವೆ. ಹೊತ್ತು ಮುಳುಗುವ ಮುಂಚೆ ಅದು ಹೊರಬಂದು ಮಣ್ಣು ಮುಚ್ಚಿತು, ಹಿಂಗಾಲಿನಿಂದ ಒತ್ತಿ ಒತ್ತಿ ಸಮ ಮಾಡಿತು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಈ ಜಾತಿ ಒಂದು ಸಲಕ್ಕೆ ಹತ್ತರಿಂದ ಮೂವತ್ತರವರೆಗೆ ತತ್ತಿ ಇಡುತ್ತದೆ. ಅವು ಒಡೆಯಲು ತಿಂಗಳುಗಟ್ಟಲೆ ಬೇಕು.

ಈ ನೋಟ ನನಗೆ ಹೇಳಿಕೊಟ್ಟದ್ದು ಬೆಂಗಳೂರಿನಲ್ಲಿ ಉಪಯೋಗಕ್ಕೆ ಬಂತು. ಅಲ್ಲಿರುವ ನನ್ನ ಅಕ್ಕನ ಮಗ ಯೆಮೆನ್ ಮೂಲದ ಗೋಸುಂಬೆಯೊಂದನ್ನು ಕಾಗದಪತ್ರ ಸಮೇತ ಸಾಕಿದ್ದಾನೆ. ಒಂದು ರಾತ್ರಿ ಫೋನು.

“ಮಾಮಾ, ಅದು ಕದಲವಲ್ದು. ಉಣವಲ್ದು. ಮ್ಯಾಲಿಂದ ಇಳದು ತಳದಾಗ ಕುಂತುಬಿಟ್ಟೈತಿ.”

“ಹೆಣ್ಣೋ ಗಂಡೋ?”

“ಹೆಣ್ಣು. ಆದ್ರ ಒಂಟಿ ಐತಿ, ಗಂಡಿನ ಮಕಾನೇ ಕಂಡಿಲ್ಲ.”

ಆ ಜಾತಿಯ ಹೆಣ್ಣು ಗಂಡಿಲ್ಲದೆಯೂ ತತ್ತಿ ಕಟ್ಟುತ್ತದೆ. ಮರಿಯಾಗದ ತತ್ತಿಗಳು ಅವು, ಆದರೂ ಇಡಲೇಬೇಕು. ತೋಡಲು ಮಣ್ಣಿಲ್ಲದ ಪಂಜರದಲ್ಲಿ ಅವು ಹೊಟ್ಟೆಯಲ್ಲೇ ಉಳಿದರೆ ಪ್ರಾಣಕ್ಕೆ ಕುತ್ತು. ಆಳವಾದ ಬಕೆಟ್ಟಿನಲ್ಲಿ, ತೋಡಿದರೆ ಕುಸಿಯದಷ್ಟು ಹಸಿಮರಳು ತುಂಬಿ ಒಳಗಿಡು, ಪಂಜರಕ್ಕೆ ಬಟ್ಟೆ ಮುಚ್ಚು, ಇಣುಕಬೇಡ, ಬೆಳಗಾದ ಕೂಡಲೇ ಸರೀಸೃಪ ಬಲ್ಲ ಪಶುವೈದ್ಯರಿಗೆ ತೋರಿಸು ಎಂದೆ. ವೈದ್ಯರು ಎಕ್ಸ್-ರೇ ತೆಗೆದು ತತ್ತಿ ಇರುವುದನ್ನು ಖಚಿತಪಡಿಸಿದರು. ಆ ವಾರವೇ ಅದು ಮರಳಿನಲ್ಲಿ ಹೂತಿಟ್ಟಿತು, ಮತ್ತೆ ಮೇಲಕ್ಕೇರಿತು.

ಬೇನೆಯ ಸುಮ್ಮನೆಯ ಗುರುತು ಕಣ್ಣಿನಲ್ಲಿದೆ. ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚಿ ಕೂತ ಗೋಸುಂಬೆ ಸುಖವಾಗಿಲ್ಲ. ಕಣ್ಣಿನ ಗುಬ್ಬಿ ಒಳಕ್ಕೆ ಇಳಿದಿದ್ದರೆ ಮೈಯಲ್ಲಿ ನೀರಿಲ್ಲ. ಬಟ್ಟಲಲ್ಲಿ ನೀರಿಟ್ಟರೆ ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಎಲೆಯ ಮೇಲೆ ಹನಿಯಾಗಿ ಹೊಳೆದರೆ ಮಾತ್ರ ಅದಕ್ಕೆ ಅದು ನೀರು. ಕಾಲು ಬಾಗಿ ಟೊಂಗೆ ಹಿಡಿಯಲಾಗದೆ ಹೋದರೆ ಎಲುಬು ಸೊರಗಿದೆ ಎಂದರ್ಥ. ಸುಣ್ಣದ ಅಂಶ ಕಡಿಮೆಯಾಗಿ, ಸೂರ್ಯನ ಅತಿನೇರಳೆ ಕಿರಣ ತಾಗದೆ ಪಂಜರದ ಜೀವಗಳಿಗೆ ಬರುವ ರೋಗ ಇದು. ನಮ್ಮ ಮುದ್ದೇಬಿಹಾಳದ ಬಿಸಿಲಲ್ಲಿ ಬೆಳೆದ ಒಂದರಲ್ಲೂ ನಾನಿದನ್ನು ಕಂಡಿಲ್ಲ.

ಹೊಲದ ಗೋಸುಂಬೆಗೆ ಬರುವ ಕುತ್ತು ಬೇರೆ. ಒಡ್ಡಿನ ಗಿಡಗಂಟಿಯನ್ನು ಜೆಸಿಬಿ ಒಂದೇ ಹೊತ್ತಿನಲ್ಲಿ ಬಳಿದುಹಾಕುತ್ತದೆ. ತೊಗರಿಗೆ ಕಾಯಿಕೊರಕದ ಎಣ್ಣೆ ಹೊಡೆದ ಹೊಲದಲ್ಲಿ ಮಿಡತೆಯೂ ಉಳಿಯುವುದಿಲ್ಲ. ಚಿಮ್ಮಲಗಿ ಏತ ನೀರಾವರಿಯ ಕಾಲುವೆಗಳು ಬಂದು ನಮ್ಮ ಬರದ ನೆಲ ಹಸಿರಾಯಿತು, ಅದು ಬೇಕಾಗಿದ್ದೇ. ಆದರೆ ಒಂದಿಂಚೂ ಬಿಡದೆ ಬಿತ್ತುವ ಆಸೆಯೂ ಅದರ ಹಿಂದೆಯೇ ಬಂತು. ಎಲ್ಲಕ್ಕಿಂತ ನನಗೆ ನೋವು ತರುವುದು ಕಲ್ಲೇಟು. ಗೋಸುಂಬೆಗೆ ವಿಷವಿಲ್ಲ. ಅಂಜಿದಾಗ ಬಾಯಿ ತೆರೆದು ಬುಸ್ ಎನ್ನುತ್ತದೆ, ಮೈ ಉಬ್ಬಿಸಿ ಕಪ್ಪಾಗುತ್ತದೆ, ಅಷ್ಟೇ. ಮಿಡತೆ ತಿಂದು ಬೆಳೆ ಕಾಯುವ ಜೀವವನ್ನು ವಿಷದ ಹುಳ ಎಂದು ಹೊಡೆಯುವುದು ಅನ್ಯಾಯ.

ಕಂಡರೆ ಹಿಡಿದು ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಗೋಸುಂಬೆಯನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ರಸ್ತೆ ದಾಟುತ್ತಿದ್ದರೆ ಗಾಡಿ ನಿಲ್ಲಿಸಿ. ಒಂದು ಕಟ್ಟಿಗೆ ಮುಂದೆ ಹಿಡಿದರೆ ತಾನೇ ಹತ್ತುತ್ತದೆ, ಅದು ಹೊರಟಿದ್ದ ಬದಿಯ ಗಿಡಕ್ಕೇ ಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಹಿಂಗಾರಿ ಬಿತ್ತನೆಯ ನಂತರದ ವಾರಗಳಲ್ಲಿ ಒಡ್ಡಿನ ಬುಡದಲ್ಲಿ ಹೊಟ್ಟೆ ಉಬ್ಬಿದ ಗೋಸುಂಬೆಯೊಂದು ಕದಲದೆ ಕೂತದ್ದು ಕಂಡರೆ ಅದನ್ನು ಮುಟ್ಟಬೇಡಿ, ಹತ್ತಿರದ ಹುಡುಗರಿಗೆ ವಿಷಯ ತಿಳಿಸಿ, ನಾಯಿಯನ್ನು ದೂರ ಅಟ್ಟಿ. ಆ ವರ್ಷ ಆ ಒಡ್ಡನ್ನು ಅಗೆಯದೆ ಬಿಡಿ.